ಪರ್ಲ್ಯೂ ಅಂದ್ರೆ ಏನಣ್ಣ?



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ.

ಹೋದ ವಾರ ನಮ್ಮ ಕೇರಿಯ ಹುಡುಗಿಯೊಬ್ಬಳು ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದಳು. ಡಿಗ್ರಿ ಮುಗಿಸಿ ಕಾಂಪಿಟಿಟಿವ್ ಪರೀಕ್ಷೆಗೆ ಓದುತ್ತಿರುವ ಮಗು. ಕಷ್ಟದ ಇಂಗ್ಲಿಷ್ ಪದಗಳ ಪಟ್ಟಿ ಅದು. ಅದರಲ್ಲಿ ಒಂದು ಪದಕ್ಕೆ ಗೆರೆ ಎಳೆದಿದ್ದಳು: ಪರ್ಲ್ಯೂ. ಎದುರಿಗೆ ಮೂರು ಅರ್ಥ. ಒಂದು, ನೆರೆಹೊರೆ, ಸುತ್ತಮುತ್ತಲ ಜಾಗ. ಎರಡು, ಊರಾಚೆಯ ಬಡವರ ಕೇರಿ. ಮೂರು, ಕಾಡಿನ ಅಂಚಿನ ಜಮೀನು. "ಅಣ್ಣ, ಒಂದೇ ಪದಕ್ಕೆ ಈ ಮೂರು ಅರ್ಥ ಹೆಂಗಣ್ಣ? ಒಂದಕ್ಕೊಂದು ಸಂಬಂಧನೇ ಇಲ್ವಲ್ಲ" ಅಂತ ಕೇಳಿದ್ದಳು.

ಮೊದಲು ನಗು ಬಂತು. ಆಮೇಲೆ ನಗು ನಿಂತೋಯ್ತು. ಯಾಕಂದ್ರೆ ಅವಳು ಕೂತು ಓದ್ತಿರೋ ಮನೆ ಇದೆಯಲ್ಲ, ಅದಕ್ಕೆ ಆ ಮೂರೂ ಅರ್ಥ ಒಪ್ಪುತ್ತವೆ. ಹುಣಸೂರಿನಿಂದ ವೀರನಹೊಸಹಳ್ಳಿ ಕಡೆ ಹೋಗೋ ದಿಕ್ಕಿನಲ್ಲಿ ಊರಿಂದಾಚೆ ಇರೋ ಕೇರಿ ನಮ್ಮದು. ಕೇರಿ ದಾಟಿದರೆ ಹೊಲ, ಹೊಲ ದಾಟಿದರೆ ಕಾಡು. ನೆರೆಹೊರೆಯೂ ಅದೇ, ಬಡವರ ಕೇರಿಯೂ ಅದೇ, ಕಾಡಂಚೂ ಅದೇ.

ಉತ್ತರ ಕೊಡಬೇಕಲ್ಲ ಅಂತ ಆ ಪದದ ಹುಟ್ಟು ಹುಡುಕಿಕೊಂಡು ಹೋದೆ. ಸಿಕ್ಕಿದ್ದನ್ನ ಅವಳಿಗೆ ಹೇಳೋ ಹಾಗೆ ಇಲ್ಲಿ ನಿಮಗೂ ಹೇಳ್ತೀನಿ. ಇದು ಬರೀ ಇಂಗ್ಲಿಷ್ ಪಾಠ ಅಲ್ಲ ಅಂತ ಓದ್ತಾ ಓದ್ತಾ ನಿಮಗೇ ಗೊತ್ತಾಗುತ್ತೆ.

1066ರಲ್ಲಿ ವಿಲಿಯಂ ಅನ್ನೋ ನಾರ್ಮನ್ ದೊರೆ ಇಂಗ್ಲೆಂಡನ್ನ ಗೆದ್ದ. ಅವನು ತಂದಿದ್ದು ಅರಣ್ಯ ಕಾನೂನು. ಆ ಕಾಲಕ್ಕೆ 'ಫಾರೆಸ್ಟ್' ಅಂದರೆ ಮರಗಳಿರೋ ಜಾಗ ಅಂತಲ್ಲ. ದೊರೆಯ ಬೇಟೆಗೆ ಅಂತ ಗೆರೆ ಎಳೆದ ಸೀಮೆ. ಅದರೊಳಗೆ ಹೊಲ ಇತ್ತು, ಹುಲ್ಲುಗಾವಲು ಇತ್ತು, ಹಳ್ಳಿಗಳೇ ಇದ್ದವು. ಆ ಪದದ ಮೂಲ 'ಹೊರಗೆ' ಅನ್ನೋ ಅರ್ಥದ ಲ್ಯಾಟಿನ್ ಪದ ಅಂತ ಬಹಳ ಜನ ವಿದ್ವಾಂಸರು ಹೇಳ್ತಾರೆ. ದೇಶದ ಸಾಮಾನ್ಯ ಕಾನೂನಿಂದ ಹೊರಗಿನದು. ಅಲ್ಲಿ ಜಿಂಕೆ ಕೊಂದವನ ಕಣ್ಣು ಕೀಳಿಸುತ್ತಿದ್ದರು. ಜಿಂಕೆಯನ್ನ ಅಟ್ಟಿಸಿಕೊಂಡು ಹೋಗಬಾರದು ಅಂತ ರೈತರ ನಾಯಿಗಳ ಮುಂಗಾಲಿನ ಮೂರು ಉಗುರು ಕತ್ತರಿಸುತ್ತಿದ್ದರು.

ಮುಂದಿನ ದೊರೆಗಳು ಗೆರೆಯನ್ನ ಹಿಗ್ಗಿಸುತ್ತಾ ಹೋದರು. ಜನ ತಿರುಗಿಬಿದ್ದರು. 1215ರ ಮ್ಯಾಗ್ನಾ ಕಾರ್ಟಾ ಎಲ್ಲರಿಗೂ ಗೊತ್ತು, ಪಠ್ಯದಲ್ಲಿದೆ. ಅದಾಗಿ ಎರಡು ವರ್ಷಕ್ಕೆ, 1217ರಲ್ಲಿ, ಅರಣ್ಯದ ಸನ್ನದು ಅಂತ ಇನ್ನೊಂದು ಬಂತು. ಅದನ್ನ ಯಾವ ಮೇಷ್ಟ್ರೂ ನಮಗೆ ಹೇಳಿಕೊಡಲಿಲ್ಲ. ಅನ್ಯಾಯವಾಗಿ ಕಾಡಿಗೆ ಸೇರಿಸಿಕೊಂಡ ಜಾಗ ಬಿಟ್ಟುಕೊಡಬೇಕು, ಜಿಂಕೆ ಮಾಂಸಕ್ಕಾಗಿ ಯಾರ ಜೀವವನ್ನೂ ಕೈಕಾಲನ್ನೂ ತೆಗೆಯಬಾರದು ಅಂತ ಅದು ಹೇಳ್ತು. ಇನ್ನೊಂದು ಮಾತೂ ಅದರಲ್ಲಿದೆ, ಗಮನಿಸಿ: ಸ್ವತಂತ್ರ ಮನುಷ್ಯನಿಗೆ ಅವನ ಕಾಡಿನಲ್ಲಿ ಸಿಗೋ ಜೇನು ಅವನದು. ಜೇನುಕುರುಬರ ಸೀಮೆಯಲ್ಲಿ ಕೂತು ಇದನ್ನ ಓದಿದಾಗ ನನಗೆ ಏನನ್ನಿಸಿರಬೇಡ!

ಸರಿ, ಯಾವುದು ಕಾಡು, ಯಾವುದು ಬಿಟ್ಟುಕೊಟ್ಟ ಜಾಗ ಅಂತ ತೀರ್ಮಾನ ಮಾಡೋದು ಹೇಗೆ? ಸ್ಥಳೀಯ ಪ್ರಮುಖರು ಗಡಿಯುದ್ದಕ್ಕೂ ನಡೆದು ಗುರುತು ಹಾಕಬೇಕಿತ್ತು. ಈ ಗಡಿ ಸುತ್ತುವ ನಡಿಗೆಗೆ ಅಲ್ಲಿನ ಕೋರ್ಟುಗಳಲ್ಲಿ ಬಳಸುತ್ತಿದ್ದ ಫ್ರೆಂಚಿನಲ್ಲಿ 'ಪುರಾಲೆ' ಅಂತಿದ್ದರು. ಸುತ್ತಾಡಿ ಬರೋದು ಅಂತ ಅರ್ಥ. ಆ ನಡಿಗೆಯಿಂದ ಕಾಡಿನಿಂದ ಹೊರಗೆ ಬಿದ್ದ ಅಂಚಿನ ಜಮೀನಿಗೂ ಅದೇ ಹೆಸರು ಬಂತು. ಬರ್ತಾ ಬರ್ತಾ ಪದದ ಬಾಲ, 'ಜಾಗ' ಅನ್ನೋ ಅರ್ಥದ 'ಲ್ಯೂ' ಅನ್ನೋ ಫ್ರೆಂಚ್ ಪದದ ಹಾಗೆ ಬದಲಾಯ್ತು. ಪುರಾಲೆ ಹೋಗಿ ಪರ್ಲ್ಯೂ ಆಯ್ತು. ಜನ ನಡೆದದ್ದು ಮರೆತೋಯ್ತು, ಜಾಗ ಮಾತ್ರ ಉಳೀತು.

ಆ ಅಂಚಿನಲ್ಲಿ ನ್ಯಾಯ ಹೇಗಿತ್ತು ಗೊತ್ತಾ? 1598ರಲ್ಲಿ ಜಾನ್ ಮ್ಯಾನ್‌ವುಡ್ ಅನ್ನೋ ವಕೀಲ ಅರಣ್ಯ ಕಾನೂನಿನ ಮೇಲೆ ಒಂದು ಪುಸ್ತಕ ಪ್ರಕಟಿಸಿದ. ಅಂಥವರು ವಿವರಿಸಿದ ತತ್ವ ಇದು: ಪರ್ಲ್ಯೂ ಅನ್ನೋದು ಅಲ್ಲಿನ ಜಮೀನಿನ ಒಡೆಯನ ಮಟ್ಟಿಗೆ ಕಾಡಲ್ಲ. ಉಳಿದವರಿಗೆಲ್ಲ ಅದು ಇನ್ನೂ ಕಾಡೇ. ಅಂದರೆ ಭೂಮಿ ಇದ್ದವನಿಗೆ ಬಿಡುಗಡೆ. ಭೂಮಿ ಇಲ್ಲದವನಿಗೆ ಅದೇ ಮಣ್ಣಿನ ಮೇಲೆ ಅದೇ ಹಳೇ ಕಾನೂನು. ಈ ಬಿಡುಗಡೆಯೂ ಗಟ್ಟಿ ಅಲ್ಲ. 1300ರ ಸುಮಾರಿಗೆ ಗಡಿ ನಡಿಗೆ ಮಾಡಿಸಿ ಜಾಗ ಬಿಟ್ಟುಕೊಟ್ಟ ಒಂದನೇ ಎಡ್ವರ್ಡ್ ದೊರೆ, ಐದಾರು ವರ್ಷದೊಳಗೆ ಕೊಟ್ಟ ಮಾತನ್ನ ವಾಪಸ್ ತಗೊಂಡ.

ಮುಂದೆ ಪಟ್ಟಣಗಳು ಬೆಳೆದವು. ಪರ್ಲ್ಯೂ ಅಂದರೆ ಹೊರವಲಯ ಆಯ್ತು, ಸುತ್ತಮುತ್ತ ಆಯ್ತು, ಕಡೆಗೆ ಮಾನವಂತರು ಕಾಲಿಡದ ಬಡವರ ಕೇರಿಯೂ ಆಯ್ತು. ಮಗಳೇ, ನಿನ್ನ ಮೂರು ಅರ್ಥ ಒಂದೇ ಪದದಲ್ಲಿ ಸೇರಿದ್ದು ಹೀಗೆ. ಯಾರನ್ನ ಗೆರೆಯ ಅಂಚಿಗೆ ತಳ್ಳಿದರೋ ಅವರ ಜಾಗದ ಹೆಸರೇ ಮುಂದೆ ಬೈಗುಳದ ಹಾಗೆ ಆಗುತ್ತೆ. ಇದು ಇಂಗ್ಲಿಷಿನ ಕಥೆ ಮಾತ್ರ ಅಂದ್ಕೊಬೇಡ. 'ಕೇರಿ' ಅಂದರೆ ಮೂಲದಲ್ಲಿ ಬೀದಿ, ಜನ ಸಾಲಾಗಿ ಮನೆ ಕಟ್ಟಿಕೊಂಡ ಜಾಗ, ಅಷ್ಟೇ. ಇವತ್ತು ಯಾರಾದರೂ "ಅವನು ಕೇರಿಯವನು" ಅಂದರೆ ಏನು ಹೇಳ್ತಿದಾರೆ ಅಂತ ಎಲ್ಲರಿಗೂ ಗೊತ್ತು. ಒಂದೇ ಊರು. ಅವರದ್ದು ಬೀದಿ, ನಮ್ಮದು ಕೇರಿ. ಅವರದ್ದು ಬಡಾವಣೆ, ನಮ್ಮದು ಕಾಲನಿ.

ಈಗ ವೀರನಹೊಸಹಳ್ಳಿಗೆ ಬನ್ನಿ.

ನಿಮಗೆ ಈ ಹೆಸರು ಟಿವಿಯಲ್ಲಿ ಕೇಳಿ ಗೊತ್ತಿರುತ್ತೆ. ದಸರೆಗೆ ಮುಂಚೆ ಗಜಪಯಣ ಹೊರಡೋದು ಇಲ್ಲಿಂದ. ಮಂತ್ರಿಗಳು ಬರ್ತಾರೆ, ಪೂಜೆ ಆಗುತ್ತೆ, ಆನೆಗಳಿಗೆ ಕಬ್ಬು ಬೆಲ್ಲ ಕೊಡ್ತಾರೆ, ಮಂಗಳವಾದ್ಯ, ಕ್ಯಾಮೆರಾ. ಆನೆ ಹೆಸರು ನಮ್ಮ ಮಕ್ಕಳಿಗೆಲ್ಲ ಬಾಯಿಪಾಠ. ಆನೆ ಮೇಲೆ ಕೂತವನ ಹೆಸರು? ಆ ಮಾವುತ, ಕಾವಾಡಿಗಳಲ್ಲಿ ಬಹಳ ಜನ ಆದಿವಾಸಿಗಳು, ಜೇನುಕುರುಬರು. ಅರಮನೆಯಂಗಳದಲ್ಲಿ ಶೆಡ್ಡು ಹಾಕ್ಕೊಂಡು ಇದ್ದು, ಹಬ್ಬ ಮುಗಿಸಿ ವಾಪಸ್ ಬರ್ತಾರೆ. ವಾಪಸ್ ಎಲ್ಲಿಗೆ ಅನ್ನೋದೇ ಪ್ರಶ್ನೆ.

ನಾಗರಹೊಳೆ ಕಾಡು ಹಿಂದೆ ಮೈಸೂರು ಮಹಾರಾಜರ ಬೇಟೆಯ ಕಾಡು. ಸಂಸ್ಥಾನ 1900ರಲ್ಲೇ ತನ್ನ ಅರಣ್ಯ ರೆಗ್ಯುಲೇಷನ್ ಮಾಡಿಕೊಂಡಿತ್ತು. 1955ರಲ್ಲಿ ಅಭಯಾರಣ್ಯ ಆಯ್ತು, 1988ರಲ್ಲಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. 643 ಚದರ ಕಿಲೋಮೀಟರ್. ದೊರೆ ಹೋದ, ಗೆರೆ ಉಳೀತು. ಒಳಗಿದ್ದ ಹಾಡಿಗಳ ಜನರನ್ನ ಹಂತಹಂತವಾಗಿ ಹೊರಗೆ ತಂದರು. 1990ರ ದಶಕದ ಕೊನೆಯಿಂದ ವೀರನಹೊಸಹಳ್ಳಿ ಹತ್ತಿರದ ನಾಗಾಪುರದಲ್ಲಿ ಪುನರ್ವಸತಿ ಕೇಂದ್ರ ಮಾಡಿ, ಮನೆ, ಕುಟುಂಬಕ್ಕೆ 5 ಎಕರೆ ಅಂತ ಅಲ್ಲಿಗೆ ತಂದರು. ಹಾಡಿಗೆ ಹೆಸರಿರುತ್ತೆ, ಅದರ ದೇವರಿಗೆ ಜಾಗ ಇರುತ್ತೆ, ಸತ್ತವರು ಮಲಗಿರೋ ಮಣ್ಣಿರುತ್ತೆ. ನಾಗಾಪುರದಲ್ಲಿ ಸಿಕ್ಕಿದ್ದು ಬ್ಲಾಕ್ ನಂಬರು.

ಅದೇ ದಶಕದಲ್ಲಿ ಅದೇ ಕಾಡಿನ ಒಳಗೆ, ಮೂರ್ಕಲ್ಲಿನಲ್ಲಿ, ತಾಜ್ ಹೋಟೆಲಿನ ರೆಸಾರ್ಟಿಗೆ ಜಾಗ ಕೊಟ್ಟಿತ್ತು ಸರ್ಕಾರ. ಆದಿವಾಸಿಗಳು ಅಡ್ಡ ನಿಂತು ಹೋರಾಡಿದರು, ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟ್ ಆ ಯೋಜನೆಯನ್ನ ತಡೀತು. ಆ ಗೆಲುವನ್ನ ನಾವು ಮರೀಬಾರದು. ಸೌದೆ ಆಯೋಳಿಗೆ ಅದು ಕಾಡು, ಕೋಣೆ ಬಾಡಿಗೆ ಕೊಡೋನಿಗೆ ಅದು ಪ್ರವಾಸಿ ತಾಣ. ಮ್ಯಾನ್‌ವುಡ್ ಬರೆದಿದ್ದೂ ಇದನ್ನೇ ಅಲ್ವಾ?

ಹೊರಬಂದವರು ಎಷ್ಟು ಜನ? ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸ್ಸಾದಿ ಅವರ ಸಮಿತಿ 2014ರಲ್ಲಿ ವರದಿ ಕೊಟ್ಟಿತು. ಪುನರ್ವಸತಿ ಆಗಬೇಕಾದ 3,418 ಕುಟುಂಬಗಳನ್ನ ಅದು ಗುರುತಿಸಿತು. ಅಸ್ಸಾದಿ ಸರ್ 2025ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಮೇ ತಿಂಗಳಲ್ಲಿ ನಾಗರಹೊಳೆಯ ಕೊಡಗಿನ ಕಡೆ, ಕರಡಿಕಲ್ಲು ಅತ್ತೂರುಕೊಲ್ಲಿಯಲ್ಲಿ, ಜೇನುಕುರುಬ ಕುಟುಂಬಗಳು "ಇದು ನಮ್ಮ ಜಾಗ" ಅಂತ ಕಾಡಿನೊಳಗಿನ ತಮ್ಮ ಹಳೇ ನೆಲೆಗೆ ವಾಪಸ್ ನಡೆದುಕೊಂಡು ಹೋದರು.

ಇದೆಲ್ಲ ಆದಿವಾಸಿಗಳ ವಿಷಯ, ನಮಗೇನು ಅಂತ ನಮ್ಮವರೇ ಕೆಲವರು ಕೇಳ್ತಾರೆ. ಕೇಳಿ, ಹೇಳ್ತೀನಿ.

ಬಾಬಾಸಾಹೇಬರು 1948ರಲ್ಲಿ ಪ್ರಕಟಿಸಿದ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ: ಅಸ್ಪೃಶ್ಯರು ಊರ ಹೊರಗೆ ಯಾಕಿದ್ದಾರೆ? ಶಾಸ್ತ್ರಗಳಲ್ಲಿ 'ಅಂತ್ಯಜ', 'ಅಂತ್ಯವಾಸಿ' ಅಂತ ಪದಗಳಿವೆ. ಸೃಷ್ಟಿಯಲ್ಲಿ ಕೊನೆಗೆ ಹುಟ್ಟಿದವನು ಅಂತ ಪಂಡಿತರು ಅರ್ಥ ಹೇಳುತ್ತಿದ್ದರು. ಅಂಬೇಡ್ಕರ್ ಅದನ್ನ ಒಪ್ಪಲಿಲ್ಲ. 'ಅಂತ್ಯ' ಅಂದರೆ ಊರಿನ ಕೊನೆ, ಊರಂಚು, ಅಂದರು. ಅದು ಹುಟ್ಟಿನ ಗುರುತಲ್ಲ, ಜಾಗದ ಗುರುತು. ನಮ್ಮ ಹಣೆಬರಹ ಅಂತ ಹೇಳಿದ್ದನ್ನ ಅವರು ಭೂಪಟದ ಮೇಲಿನ ಗೆರೆಯಾಗಿ ತೋರಿಸಿದರು. ಗೆರೆ ಅಂದಮೇಲೆ ಎಳೆದವನು ಒಬ್ಬ ಇರಲೇಬೇಕಲ್ಲ.

ಇನ್ನೊಂದು ಸಂಗತಿ ಇದೆ. ಇದನ್ನ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. 1873ರಲ್ಲಿ ಜೆ.ಎಸ್.ಎಫ್. ಮೆಕೆಂಜಿ ಅನ್ನೋ ಬ್ರಿಟಿಷ್ ಅಧಿಕಾರಿ ಮೈಸೂರು ಸೀಮೆಯ ಹೊಲೆಯರ ಬಗ್ಗೆ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಬರೆದ. ಥರ್ಸ್ಟನ್ ಅದನ್ನ 1909ರ ತನ್ನ ಪುಸ್ತಕಕ್ಕೂ ತಗೊಂಡ. ಎರಡು ಊರಿನ ನಡುವೆ ಗಡಿ ಜಗಳ ಬಂದರೆ ತೀರ್ಮಾನ ಮಾಡುತ್ತಿದ್ದವನು ಕುಳವಾಡಿ. ನಮ್ಮ ಕೇರಿಯವನು! ಊರಿನ ಮಣ್ಣಿನ ಉಂಡೆ ಮಾಡಿ ಅವನ ತಲೆ ಮೇಲೆ ಇಡುತ್ತಿದ್ದರು. ಅದನ್ನ ಹೊತ್ತು ಅವನು ಗಡಿಯುದ್ದಕ್ಕೂ ನಡೆಯಬೇಕು. ನಡೆದದ್ದೇ ಗಡಿ. ತಪ್ಪಿ ಒಂದು ಹೆಜ್ಜೆ ಆಚೆ ಇಟ್ಟರೆ ಉಂಡೆ ತಾನೇ ಒಡೆದುಹೋಗುತ್ತೆ, ಹದಿನೈದು ದಿನದೊಳಗೆ ಅವನು ಸಾಯ್ತಾನೆ, ಮನೆ ಹಾಳಾಗುತ್ತೆ ಅನ್ನೋದು ನಂಬಿಕೆ.

ಯೋಚನೆ ಮಾಡಿ. ಇಂಗ್ಲೆಂಡಿನಲ್ಲಿ ಗಡಿ ನಡೆದವರು ಪ್ರಮುಖರು. ನಮ್ಮಲ್ಲಿ ಗಡಿ ನಡೆದವನು ಊರೊಳಗೆ ಮನೆ ಕಟ್ಟಲು ಬಿಡದವನು. ಊರಿನ ಒಂದೊಂದು ಕಲ್ಲು, ಒಂದೊಂದು ಹಳ್ಳ ಅವನಿಗೆ ಗೊತ್ತು. ಅವನ ಹೆಜ್ಜೆಯೇ ದಾಖಲೆ. ಮಣ್ಣು ಅವನ ತಲೆ ಮೇಲೆ, ಪಹಣಿ ಇನ್ನೊಬ್ಬರ ಹೆಸರಲ್ಲಿ. ತಪ್ಪಿದರೆ ಸಾವೂ ಅವನದೇ. ಇದನ್ನ ನಾನು ಹೆಮ್ಮೆ ಅಂತ ಹೇಳ್ತಿಲ್ಲ. ಸಾಕ್ಷಿ ಅಂತ ಹೇಳ್ತಿದೀನಿ. ಈ ನೆಲ ನಮಗೆ ಗೊತ್ತಿತ್ತು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

ಸಾಕ್ಷಿಯ ಮಾತು ಯಾಕೆ ಬಂತು ಅಂದರೆ, ಇವತ್ತಿನ ಕಾನೂನು ಕೇಳ್ತಿರೋದೇ ಅದನ್ನ. 2006ರ ಅರಣ್ಯ ಹಕ್ಕು ಕಾಯ್ದೆ ಪೀಠಿಕೆಯಲ್ಲೇ ಚಾರಿತ್ರಿಕ ಅನ್ಯಾಯ ಆಗಿದೆ ಅಂತ ಒಪ್ಪಿಕೊಳ್ಳುತ್ತೆ. ಒಳ್ಳೇದು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿ ನೆಲೆಸಿದ್ದರೆ ಅರ್ಜಿ ಹಾಕಬಹುದು. ಕಾಡನ್ನೇ ನಂಬಿ ಅಲ್ಲಿ ಬಾಳಿದ ಬೇರೆಯವರು, ಅಂದರೆ ನಮ್ಮ ಕೇರಿಗಳಂಥ ಕಾಡಂಚಿನ ದಲಿತರೂ ಸೇರಿ, 'ಇತರೆ ಪಾರಂಪರಿಕ ಅರಣ್ಯವಾಸಿ' ಆಗ್ತಾರೆ. ಅವರು ಮೂರು ತಲೆಮಾರು, ತಲೆಮಾರಿಗೆ 25ರಂತೆ 75 ವರ್ಷ ತೋರಿಸಬೇಕು. ಅಂದರೆ 1930ಕ್ಕೆ ಹೋಗಬೇಕು.

1930ರಲ್ಲಿ ನಮ್ಮ ಮುತ್ತಜ್ಜನ ಹೆಸರಲ್ಲಿ ಯಾವ ಕಾಗದ ಇತ್ತು? ಕಾಗದ ಶಾನುಭೋಗರ ಮನೇಲಿತ್ತು. ನಮ್ಮ ಮುತ್ತಜ್ಜ ಗೌಡರ ಹಟ್ಟಿಯಲ್ಲಿ ಜೀತಕ್ಕಿದ್ದ. ಜೀತಕ್ಕೆ ರಸೀತಿ ಕೊಡ್ತಾರಾ? ನಮ್ಮವ್ವ ಹೊತ್ತ ಸೌದೆ ಹೊರೆಗೆ ಲೆಕ್ಕ ಇಟ್ಟವರು ಯಾರು? ಚಿಕ್ಕವನಿದ್ದಾಗ ಅವಳ ಜೊತೆ ಹೋಗ್ತಿದ್ದೆ. ಒಂದು ಸಲ ಯಾರೋ ಬಂದು ಹೊರೆ ಕೆಡವಿಸಿ, ಕುಡುಗೋಲು ಕಿತ್ಕೊಂಡರು. ದಾರಿಯುದ್ದಕ್ಕೂ ಅವ್ವ ಅತ್ತಿದ್ದು ಹೊರೆಗಲ್ಲ, ಕುಡುಗೋಲಿಗೆ. ಅದು ಪಕ್ಕದ ಮನೆಯದು, ಎರವಲು ತಂದಿದ್ದು.

ಕರ್ನಾಟಕದಲ್ಲಿ ಈ ಕಾಯ್ದೆಯಡಿ ಹಾಕಿದ ಅರ್ಜಿಗಳಲ್ಲಿ ಬಹುಪಾಲು ತಿರಸ್ಕಾರ ಆಗಿವೆ. 2019ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ತಿರಸ್ಕೃತ ಅರ್ಜಿದಾರರನ್ನ ಒಕ್ಕಲೆಬ್ಬಿಸಿ ಅಂದಿತ್ತು. ದೇಶದ ತುಂಬ ಗದ್ದಲ ಆಗಿ ಅದೇ 28ಕ್ಕೆ ತಡೆ ಸಿಕ್ತು. ಎಡ್ವರ್ಡ್ ದೊರೆಯ ನೆನಪಾಯ್ತಾ? ಕೊಟ್ಟ ಹಕ್ಕು ನಿದ್ದೆ ಮಾಡಿದರೆ ವಾಪಸ್ ಹೋಗುತ್ತೆ.

ಆದರೆ ಅದೇ ಕಾಯ್ದೆಯ ನಿಯಮಗಳನ್ನ ನಮ್ಮವರು ಸರಿಯಾಗಿ ಓದಿಲ್ಲ. ಅಲ್ಲಿ ಕಾಗದ ಒಂದೇ ಸಾಕ್ಷಿ ಅಂತ ಇಲ್ಲ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನ ಬರೆಸಿಕೊಳ್ಳಬಹುದು. ಹಳೇ ಬಾವಿ ಸಾಕ್ಷಿ. ಸ್ಮಶಾನ ಸಾಕ್ಷಿ. ದೇವರ ಬನ ಸಾಕ್ಷಿ. ಇಂಥದ್ದೇ ದಾಖಲೆ ತನ್ನಿ ಅಂತ ಪಟ್ಟು ಹಿಡಿಯುವಂತಿಲ್ಲ ಅಂತ 2012ರ ತಿದ್ದುಪಡಿ ಹೇಳುತ್ತೆ. ಇನ್ನೂ ಮುಖ್ಯ ಅಂದರೆ, ಗ್ರಾಮಸಭೆ ಆರಿಸಿದ ಅರಣ್ಯ ಹಕ್ಕು ಸಮಿತಿ ಜಾಗಕ್ಕೇ ಹೋಗಿ ನೋಡಬೇಕು, ಗುರುತು ಸಿಗೋ ಕಲ್ಲು ಹಳ್ಳ ಮರ ಹಿಡಿದು ನಕ್ಷೆ ಮಾಡಬೇಕು. ಅಂದರೆ ಏನು? ಗಡಿ ನಡೀಬೇಕು. ಪುರಾಲೆ! ಎಂಟುನೂರು ವರ್ಷದ ಹಿಂದಿನ ಆ ನಡಿಗೆ ನಮ್ಮ ಕಾನೂನಿನಲ್ಲೇ ಕೂತಿದೆ. ಈ ಸಲ ನಡೆಯೋ ಹಕ್ಕು ಹಾಡಿಗೂ ಕೇರಿಗೂ ಇದೆ. ನಾವು ನಡೀದಿದ್ದರೆ ಇನ್ನೊಬ್ಬರು ಎಳೆದ ಗೆರೆಯೇ ಗಡಿ.

ಹಾಗೆ ನಡೀಬೇಕಾದರೆ ನಮ್ಮ ನಮ್ಮಲ್ಲೇ ಒಂದು ಮಾತು ಆಡಬೇಕು. ಬೇಜಾರು ಮಾಡ್ಕೋಬೇಡಿ. ಊರು ನಮ್ಮನ್ನ ಹೊರಗಿಟ್ಟಿದೆ ಅಂತ ಭಾಷಣ ಮಾಡೋ ನಾವು ಹಾಡಿಯವರನ್ನ ಹೇಗೆ ಕಂಡಿದೀವಿ? ಅವರ ಮನೆಯಲ್ಲಿ ನೀರು ಕುಡಿಯೋಕೆ ಹಿಂದೆಮುಂದೆ ನೋಡಿದವರನ್ನ ನಮ್ಮ ಕೇರಿಯಲ್ಲೇ ನಾನು ಕಂಡಿದೀನಿ. ಚಿಕ್ಕಂದಿನಲ್ಲಿ ನಾನೂ ಹಾಗೇ ಮಾಡಿದೀನಿ, ಸುಳ್ಳು ಹೇಳಲ್ಲ. ಅವರ ಐದೆಕರೆಯನ್ನ ನಾಕು ಕಾಸಿಗೆ ಗುತ್ತಿಗೆ ಹಿಡಿದು ಹೊಗೆಸೊಪ್ಪು ಬೆಳೆಯೋ ಆಸೆ ಮೇಲ್ಜಾತಿಯವರಿಗೆ ಮಾತ್ರ ಇಲ್ಲ. ಅಂಚಿನವನು ತನಗಿಂತ ಅಂಚಿನವನನ್ನ ತಳ್ಳಿದರೆ ಗೆರೆ ಎಳೆದವನಿಗೆ ಕೆಲಸವೇ ಉಳಿಯಲ್ಲ. ಅವರ ಹಕ್ಕು ಮೊದಲು. ಅದರ ಜೊತೆಗೆ ನಮ್ಮದು. ಅವರ ಬದಲಿಗೆ ಅಲ್ಲ.

ಹೆಸರು ಬದಲಾಯಿಸೋ ಮಾತೂ ಈಗ ನಡೀತಿದೆ. 2024ರಲ್ಲಿ ಕೇರಳ ಸರ್ಕಾರ 'ಕಾಲನಿ' ಅನ್ನೋ ಪದ ಬೇಡ ಅಂತು. 2025ರಲ್ಲಿ ತಮಿಳುನಾಡು ಕೂಡ ಆ ಪದವನ್ನ ದಾಖಲೆಗಳಿಂದ ತೆಗೀತೀವಿ ಅಂತು. ನಾನು ವಿರೋಧ ಮಾಡಲ್ಲ, ಅವಮಾನದ ಹೆಸರು ಹೋಗಲಿ. ಆದರೆ ಪರ್ಲ್ಯೂ ನಮಗೆ ಕಲಿಸೋದು ಏನು? ಅದು ಹುಟ್ಟುವಾಗ ಬೈಗುಳ ಆಗಿರಲಿಲ್ಲ. ಗಡಿ ನಡಿಗೆಯ ಹೆಸರಾಗಿತ್ತು. ಜಾಗದ ಗತಿ ಬದಲಾಗದೆ ಹೆಸರು ಮಾತ್ರ ಬದಲಾದರೆ, ಹೊಸ ಹೆಸರೂ ಇಪ್ಪತ್ತು ವರ್ಷಕ್ಕೆ ಬೈಗುಳ ಆಗುತ್ತೆ. ಹಕ್ಕುಪತ್ರ ಬಂದರೆ 'ಕೇರಿ' ಅನ್ನೋ ಪದವೂ ತಾನಾಗೇ ತಲೆ ಎತ್ತಿ ನಿಲ್ಲುತ್ತೆ.

ಅದಕ್ಕೆ ಕಾಡಂಚಿನ ಎಲ್ಲ ಗೆಳೆಯರಲ್ಲಿ ಒಂದು ಕೇಳ್ಕೊತೀನಿ. ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣ, ನೀವೆಲ್ಲೇ ಇರಿ. ನಿಮ್ಮ ಕೇರಿಯ, ನಿಮ್ಮ ಪಕ್ಕದ ಹಾಡಿಯ ವಯಸ್ಸಾದವರ ಹತ್ತಿರ ಈ ತಿಂಗಳೇ ಕೂತ್ಕೊಳ್ಳಿ. ದನ ಎಲ್ಲಿ ಮೇಯಿಸ್ತಿದ್ರಿ, ಜೇನು ಎಲ್ಲಿ ಕೀಳ್ತಿದ್ರಿ, ನೀರು ಎಲ್ಲಿ ಕುಡೀತಿದ್ರಿ, ಯಾರನ್ನ ಎಲ್ಲಿ ಮಣ್ಣು ಮಾಡಿದ್ರಿ, ಎಲ್ಲ ಬರೆಸಿಕೊಳ್ಳಿ. ಹೆಬ್ಬೆಟ್ಟು ಒತ್ತಿಸಿಕೊಳ್ಳಿ. ಫೋನ್‌ನಲ್ಲಿ ವಿಡಿಯೋ ಮಾಡಿ ಇಟ್ಕೊಳ್ಳಿ. ಅವರು ಹೋದರೆ 1930ನ್ನ ನೆನಪಿಸಿಕೊಳ್ಳೋರು ಯಾರೂ ಇರಲ್ಲ. ಗ್ರಾಮಸಭೆ ಕರೆಸಿ, ಸಮಿತಿ ಇದೆಯಾ ಕೇಳಿ. ಅದರಲ್ಲಿ ಮೂರರಲ್ಲಿ ಒಂದು ಭಾಗ ಹೆಂಗಸರು ಇರಲೇಬೇಕು, ಇದ್ದಾರಾ ನೋಡಿ. ಸೌದೆ ದಾರಿ ಅವರಿಗೇ ಗೊತ್ತಿರೋದು.

ಆ ಹುಡುಗಿಗೆ ಕಡೆಗೆ ಇಷ್ಟೇ ಬರೆದು ಕಳಿಸಿದೆ: "ಪರೀಕ್ಷೆಯಲ್ಲಿ ಬಂದರೆ ನೆರೆಹೊರೆ ಅಂತ ಟಿಕ್ ಮಾಡವ್ವ, ಮಾರ್ಕ್ಸ್ ಬರುತ್ತೆ. ನಿಜವಾದ ಅರ್ಥ, ಗಡಿ ನಡೆಯೋದು."

ಅವಳು ವಾಪಸ್ ಬರೆದಳು: "ಭಾನುವಾರ ನಮ್ಮಜ್ಜಿನ ಕೂರಿಸ್ಕೊಂಡು ಬರ್ಕೊತೀನಿ ಅಣ್ಣ. ಅಜ್ಜಿಗೆ ಕಾಡಿನ ಹಳೇ ದಾರಿ ಎಲ್ಲ ಗೊತ್ತು."

ಜೈಭೀಮ್.